ಜಪಾನಿನ ದೊಡ್ಡ ಒನ್‌ಸೆನ್ ಹೋಟೆಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಏಪ್ರಿಲ್ ಕೊನೆಗೆ ಆರು ಜನ ಜಪಾನಿಗೆ ಹೊರಟಿದ್ದೇವೆ. ನಾವಿಬ್ಬರು, 70 ದಾಟಿದ ಅತ್ತೆ-ಮಾವ, 9 ವರ್ಷದ ಮಗ, 5 ವರ್ಷದ ಮಗಳು. ಒನ್‌ಸೆನ್ ಎನ್ನುವ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಒಂದು ರಾತ್ರಿ ತಂಗುವ ಆಸೆ. ಟೋಕಿಯೊದಲ್ಲಿರುವ ಸ್ನೇಹಿತರು "ದೊಡ್ಡ ಹೋಟೆಲು ಬೇಡ, ಜಾತ್ರೆ ಇದ್ದಂತೆ ಇರುತ್ತದೆ, ಹತ್ತು ಕೋಣೆಯ ಹಳೇ ಸಾಂಪ್ರದಾಯಿಕ ವಸತಿಗೃಹ, ಅಂದರೆ ರ್‍ಯೋಕಾನ್ ಹಿಡಿಯಿರಿ" ಎನ್ನುತ್ತಾರೆ. ಏನು ಮಾಡಲಿ?
(ಬೆಂಗಳೂರಿನ ಓದುಗರು)

ಉತ್ತರ: ಗಂಡ-ಹೆಂಡತಿ ಇಬ್ಬರೇ ಹೋಗುವುದಾದರೆ ಸ್ನೇಹಿತರ ಮಾತು ಸರಿ. ನಿಮ್ಮ ಸಂಸಾರಕ್ಕೆ ದೊಡ್ಡ ಹೋಟೆಲೇ ಸರಿ. ಸಣ್ಣ ರ್‍ಯೋಕಾನ್‌ಗಳಲ್ಲಿ ಅಡುಗೆಯವರು ಆ ದಿನಕ್ಕೆ ಗೊತ್ತುಮಾಡಿದ ಊಟವೇ ಎಲ್ಲರಿಗೂ. ಹಳೆಯ ಮರದ ಕಟ್ಟಡದಲ್ಲಿ ಲಿಫ್ಟ್ ಸಿಗುವುದು ಅಪರೂಪ. ಮಲಗಲು ನೆಲದ ಮೇಲೆ ಹಾಸುವ ಫುತೋನ್ ಹಾಸಿಗೆ. ಗೋಡೆ ತೆಳು, ಮಕ್ಕಳು ಓಡಾಡಿದರೆ ಪಕ್ಕದ ಕೋಣೆಯವರಿಗೆ ಕೇಳಿಸುತ್ತದೆ. ಕೆಲವು ಕಡೆ ಸಣ್ಣ ಮಕ್ಕಳಿದ್ದರೆ ಕೋಣೆ ಕೊಡುವುದೇ ಇಲ್ಲ.

ದೊಡ್ಡ ಹೋಟೆಲುಗಳು ಹೆಚ್ಚಾಗಿ ಕಂಪನಿ ಪ್ರವಾಸಗಳ ಭರಾಟೆಯ ಕಾಲದಲ್ಲಿ, ಬಸ್ಸುಗಟ್ಟಲೆ ಬರುವ ತಂಡಗಳಿಗಾಗಿ ಎದ್ದವು. 1990ರ ನಂತರ ಆ ತಂಡಗಳು ಕರಗಿದವು. ಎಷ್ಟೋ ಹೋಟೆಲುಗಳು ಮುಚ್ಚಿದವು, ಉಳಿದವುಗಳಲ್ಲಿ ಅನೇಕವು ಬಫೆ ಊಟ ಹಾಕಿ, ಮಂಚದ ಕೋಣೆ ಮಾಡಿ ಕುಟುಂಬಗಳತ್ತ ತಿರುಗಿದವು. ಅದರ ಲಾಭ ನಿಮ್ಮಂಥವರಿಗೆ.

ಮೊದಲು ಊರು ಆರಿಸಿ, ಆಮೇಲೆ ಹೋಟೆಲು. ಟೋಕಿಯೊದಿಂದ ಹೋಗುವವರಿಗೆ ಆತಾಮಿ, ಹಕೋನೆ, ಕಿನುಗಾವಾ, ಕುಸಾತ್ಸು ಮುಖ್ಯವಾದವು. ಆತಾಮಿ ಸಮುದ್ರದ ದಂಡೆಯ ಊರು, ಕೊದಾಮಾ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಕಿನುಗಾವಾಕ್ಕೆ ಟೋಕಿಯೊದ ಅಸಾಕುಸಾ ನಿಲ್ದಾಣದಿಂದ ತೋಬು ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಯ ನೀರು ಮೃದು, ನಿಕ್ಕೊ ದೇಗುಲಗಳನ್ನೂ ಸೇರಿಸಿಕೊಳ್ಳಬಹುದು. ಹಕೋನೆ ಚೆಲುವಾದ ಬೆಟ್ಟದೂರು, ಆದರೆ ಏರು-ಇಳಿವು ಬಹಳ. ಕುಸಾತ್ಸುವಿನ ನೀರು ತುಂಬ ಹುಳಿ, ಪಿಎಚ್ 2ರ ಸುಮಾರು. ವಯಸ್ಸಾದವರ ತೆಳು ಚರ್ಮಕ್ಕೆ ಚುರುಚುರು ಎನ್ನುತ್ತದೆ, ಮಕ್ಕಳ ಕಣ್ಣಿಗೆ ಸಿಡಿದರೆ ಉರಿಯುತ್ತದೆ. ನಿಮಗೆ ಆತಾಮಿ ಇಲ್ಲವೇ ಕಿನುಗಾವಾ ಸಾಕು.

ಕೋಣೆಗೆ ಬಂದರೆ "ವಾಯೋಶಿತ್ಸು" ಎಂದಿರುವುದನ್ನು ಹುಡುಕಿ. ಎರಡು ಮಂಚ, ಪಕ್ಕದಲ್ಲಿ ತತಾಮಿ ಚಾಪೆಯ ಜಾಗ ಎರಡೂ ಇರುತ್ತವೆ. ಅತ್ತೆ-ಮಾವ ಮಂಚದ ಮೇಲೆ, ನೀವು ಕೆಳಗೆ. ನೆಲದಿಂದ ಏಳಲು ಮಂಡಿ ಬಿಡದವರಿಗೆ ಇದು ದೊಡ್ಡ ಅನುಕೂಲ. ಕೋಣೆಯ ಅಳತೆಯನ್ನು ಚಾಪೆಗಳ ಲೆಕ್ಕದಲ್ಲಿ, "ಜೋ" ಎಂದು ಹೇಳುತ್ತಾರೆ. ಒಂದು ಚಾಪೆ ಸುಮಾರು 1.6 ಚದರ ಮೀಟರ್. 10 ಜೋ ಕೋಣೆಯಲ್ಲಿ ನಾಲ್ವರು ಆರಾಮವಾಗಿ ಮಲಗಬಹುದು, ಆರು ಜನ ಮಲಗಿದರೆ ಪೆಟ್ಟಿಗೆ ಇಡಲೂ ಜಾಗ ಇರುವುದಿಲ್ಲ. ಅಕ್ಕಪಕ್ಕದ ಎರಡು ಕೋಣೆ ಕೇಳಿ.

ಕೋಣೆಯಿಂದ ಬುಗ್ಗೆಯ ನೀರಿನ ಸಾಮೂಹಿಕ ಸ್ನಾನದ ಮನೆಗೆ ಎಷ್ಟು ದೂರ, ನಡುವೆ ಮೆಟ್ಟಿಲು ಇವೆಯೇ ಎಂದು ಬರೆದು ಕೇಳಲೇಬೇಕು. ಇಂಥ ಹೋಟೆಲುಗಳು ಒಂದೇ ಸಲಕ್ಕೆ ಕಟ್ಟಿದವಲ್ಲ. ಹಳೆ ಕಟ್ಟಡಕ್ಕೆ ಹೊಸದು, ಅದಕ್ಕೆ ಇನ್ನೊಂದು ಎಂದು ಜೋಡಿಸುತ್ತ ಹೋದವು. ಕಣಿವೆಯ ಇಳಿಜಾರಿನಲ್ಲಿರುವ ಕಡೆ ಬಾಗಿಲು ಐದನೇ ಮಹಡಿಯಲ್ಲಿದ್ದು ಸ್ನಾನದ ಮನೆ ಕೆಳಗೆ ಹೊಳೆಯ ಮಟ್ಟದಲ್ಲಿರಬಹುದು. ಅಗ್ಗದ ಕೋಣೆಗಳು ಸಾಮಾನ್ಯವಾಗಿ ದೂರದ ಹಳೆ ಭಾಗದಲ್ಲಿರುತ್ತವೆ. ಹೊರಾಂಗಣದ ತೊಟ್ಟಿಗೆ ಇಳಿಯುವ ಕಲ್ಲುಗಳು ಜಾರುತ್ತವೆ, ಕಂಬಿ ಇದೆಯೇ ಎಂದೂ ವಿಚಾರಿಸಿ.

ದರ ಹೇಳುವುದು ತಲೆಗಿಷ್ಟು ಎಂದು, ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿಸಿ. ಕೋಣೆಗಿಷ್ಟು ಎಂದುಕೊಂಡು ಲೆಕ್ಕ ತಪ್ಪುವವರು ಬಹಳ. ಬಫೆ ಇರುವ ಕಡೆ ವಾರದ ದಿನಗಳಲ್ಲಿ ತಲೆಗೆ ಸುಮಾರು 10,000ದಿಂದ 20,000 ಯೆನ್. ಮಕ್ಕಳಿಗೆ ಊಟ, ಹಾಸಿಗೆ ಬೇಕೋ ಬೇಡವೋ ಎಂಬುದರ ಮೇಲೆ ದರ ಇಳಿಯುತ್ತದೆ. ಇದರ ಮೇಲೆ ಸ್ನಾನದ ತೆರಿಗೆ, ಹೆಚ್ಚಿನ ಊರುಗಳಲ್ಲಿ ದೊಡ್ಡವರಿಗೆ 150 ಯೆನ್. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ರಜೆಗಳ ಸಾಲು. ಆಗ ದರ ಏರಿಬಿಡುತ್ತದೆ, ಕೋಣೆಯೂ ಸಿಗದು. ಒಂದು ವಾರ ಮೊದಲೇ ಹೊರಡಲು ಸಾಧ್ಯವಾದರೆ ಹಾಗೇ ಮಾಡಿ, ಶನಿವಾರವನ್ನೂ ತಪ್ಪಿಸಿ.

ಕೋಣೆ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಸಿಗುತ್ತದೆ, ಮರುದಿನ 10ಕ್ಕೆ ಬಿಡಬೇಕು. ಸಂಜೆ 7 ದಾಟಿ ತಲುಪಿದರೆ ಊಟ ತಪ್ಪಬಹುದು, ಹಣ ವಾಪಸು ಬರುವುದಿಲ್ಲ. ಮೂರು ಗಂಟೆಗೇ ಹೋಗಿ ಸೇರಿದವರಿಗೆ ಮಾತ್ರ ಕೊಟ್ಟ ದುಡ್ಡು ದಕ್ಕುತ್ತದೆ: ಊಟಕ್ಕೆ ಮುಂಚೆ ಒಂದು ಸ್ನಾನ, ಮಲಗುವ ಮುಂಚೆ ಒಂದು, ಬೆಳಗ್ಗೆ ಇನ್ನೊಂದು. ನಿಲ್ದಾಣದಿಂದ ಹೋಟೆಲಿನ ಬಸ್ಸಿದ್ದರೆ ಅನೇಕ ಕಡೆ ಮೊದಲೇ ಹೇಳಿಡಬೇಕು. ದೊಡ್ಡ ಪೆಟ್ಟಿಗೆಗಳನ್ನು "ತಕ್ಕ್ಯೂಬಿನ್" ಎಂಬ ಸಾಮಾನು ಸಾಗಿಸುವ ಸೇವೆಯ ಮೂಲಕ ಮುಂದಿನ ಊರಿನ ಹೋಟೆಲಿಗೇ ಕಳಿಸಿಬಿಡಿ. ಸಾಮಾನ್ಯವಾಗಿ ಮರುದಿನ ತಲುಪುತ್ತವೆ.

ಇನ್ನೊಂದು ಮಾತು, ನಿಮ್ಮ ಮಗನ ಬಗ್ಗೆ. ಸುಮಾರು 7 ವರ್ಷ ದಾಟಿದ ಗಂಡುಮಕ್ಕಳನ್ನು ಹೆಂಗಸರ ಸ್ನಾನದ ಮನೆಗೆ ಬಿಡಬಾರದೆಂದು ಜಪಾನಿನ ಆರೋಗ್ಯ ಸಚಿವಾಲಯ 2020ರಲ್ಲಿ ಮಾರ್ಗಸೂಚಿ ಬದಲಿಸಿದೆ. ಅವನು ಅಪ್ಪನ ಜೊತೆಗೋ ತಾತನ ಜೊತೆಗೋ ಹೋಗಬೇಕು.

ಪ್ರಶ್ನೆ: ದೊಡ್ಡ ಹೋಟೆಲಿನ ನೀರು ನಿಜವಾಗಿ ಬುಗ್ಗೆಯದೋ, ನಲ್ಲಿ ನೀರು ಕಾಯಿಸಿದ್ದೋ? ತಿಳಿಯುವುದು ಹೇಗೆ?
(ಹುಬ್ಬಳ್ಳಿಯ ಓದುಗರು)

ಉತ್ತರ: 1948ರ ಒನ್‌ಸೆನ್ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅಷ್ಟು ಬಿಸಿಯಿಲ್ಲದಿದ್ದರೂ ಪಟ್ಟಿ ಮಾಡಿದ 19 ಅಂಶಗಳಲ್ಲಿ ಒಂದು ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್‌ಸೆನ್. ಹಾಗಾಗಿ ತಣ್ಣನೆಯ ಬುಗ್ಗೆಯ ನೀರನ್ನು ಕಾಯಿಸಿ ಕೊಟ್ಟರೂ ಮೋಸವಲ್ಲ. ಆದರೆ 2004ರಲ್ಲಿ ಹೆಸರಾಂತ ಬುಗ್ಗೆಯೂರೊಂದರಲ್ಲಿ ನೀರಿಗೆ ಬಣ್ಣ ಬರಲು ಪುಡಿ ಬೆರೆಸುತ್ತಿದ್ದುದು ಬಯಲಾಗಿ ದೊಡ್ಡ ಗುಲ್ಲಾಯಿತು. ಮರುವರ್ಷದಿಂದ ನಾಲ್ಕು ಸಂಗತಿಗಳನ್ನು ಬರೆದು ತೂಗುಹಾಕುವುದು ಕಡ್ಡಾಯ: ಬೇರೆ ನೀರು ಬೆರೆಸಿದ್ದಾರೆಯೇ, ಕಾಯಿಸಿದ್ದಾರೆಯೇ, ಅದೇ ನೀರನ್ನು ಸೋಸಿ ಮತ್ತೆ ಬಿಡುತ್ತಾರೆಯೇ, ಏನಾದರೂ ಪುಡಿ ಅಥವಾ ಕ್ರಿಮಿನಾಶಕ ಹಾಕಿದ್ದಾರೆಯೇ. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ, ನೀರಿನ ಪರೀಕ್ಷಾ ಪತ್ರದ ಪಕ್ಕದಲ್ಲಿ ನೋಡಿ. ಫೋನಿನ ಅನುವಾದದಿಂದ ಓದಬೇಕೆಂದರೆ ಹೊರಗಿನ ಗೋಡೆಯಲ್ಲೂ ಇದೆಯೇ ಎಂದು ಹುಡುಕಿ, ಬಟ್ಟೆ ಬದಲಿಸುವಲ್ಲಿ ಕ್ಯಾಮೆರಾ ತೆಗೆಯುವಂತಿಲ್ಲ.

ದೊಡ್ಡ ತೊಟ್ಟಿಯಲ್ಲಿ ನೀರು ಮರುಬಳಕೆ ಮಾಡುವುದು ಲೆಕ್ಕದ ಕಾರಣಕ್ಕೆ. 10 ಮೀಟರ್ ಉದ್ದ, 5 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ತೊಟ್ಟಿಗೆ 30,000 ಲೀಟರ್ ಬೇಕು. ಬುಗ್ಗೆಯಿಂದ ನಿಮಿಷಕ್ಕೆ 100 ಲೀಟರ್ ಬಂದರೆ ಒಮ್ಮೆ ತುಂಬಲು ಐದು ಗಂಟೆ. ನೂರಾರು ಜನ ಇಳಿಯುವಲ್ಲಿ ಅದು ಸಾಲದು. ಸೋಸಿ, ಕ್ಲೋರಿನ್ ಹಾಕದಿದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ತರುತ್ತದೆ. ಆದ್ದರಿಂದ ಕ್ಲೋರಿನ್ ವಾಸನೆ ಬಂತೆಂದು ಬೇಸರಪಡಬೇಡಿ. ತಾಜಾ ನೀರೇ ಬೇಕೆಂದರೆ "ಗೆನ್‌ಸೆನ್ ಕಾಕೆನಗಾಶಿ" ಎಂಬ ಮಾತು ಹುಡುಕಿ: ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹೊರಗೆ ಹರಿದುಹೋಗುತ್ತದೆ, ಮರಳಿ ಬರುವುದಿಲ್ಲ. ಬುಗ್ಗೆ ಸಮೃದ್ಧವಾಗಿರುವ ಕುಸಾತ್ಸು, ಬೆಪ್ಪು, ನೊಬೊರಿಬೆತ್ಸುಗಳಲ್ಲಿ ದೊಡ್ಡ ಹೋಟೆಲಿಗೂ ಇದು ಸಾಧ್ಯ. ಕುಸಾತ್ಸುವಿನಲ್ಲಿ ನಿಮಿಷಕ್ಕೆ 30,000 ಲೀಟರಿಗೂ ಹೆಚ್ಚು ನೀರು ತಾನಾಗಿ ಉಕ್ಕುತ್ತದೆ. ಬೇರೆಡೆ ಎಷ್ಟೋ ಹೋಟೆಲುಗಳಲ್ಲಿ ಒಂದು ಸಣ್ಣ ತೊಟ್ಟಿಗಷ್ಟೇ ತಾಜಾ ನೀರು. ಯಾವ ತೊಟ್ಟಿಗೆ ಎಂದು ಕೇಳಿಕೊಂಡು ಅದಕ್ಕೇ ಇಳಿಯಿರಿ.

ಗಂಧಕದ ನೀರಿರುವ ಊರಿಗೆ ಹೋಗುವಾಗ ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ತೆಗೆದಿಡಿ, ಕಪ್ಪಾಗುತ್ತವೆ.

ಪ್ರಶ್ನೆ: ನಮ್ಮಮ್ಮನಿಗೆ ಎಲ್ಲರೆದುರು ಬಟ್ಟೆ ಬಿಚ್ಚುವುದು ಆಗದ ಮಾತು. ಮುಂಗೈ ಮೇಲೆ ಹಳೆಯ ಹಚ್ಚೆಯೂ ಇದೆ. ಹಚ್ಚೆಯಿದ್ದವರನ್ನು ಬಿಡುವುದಿಲ್ಲವಂತೆ, ಹೌದೆ?
(ವಿಜಯಪುರದ ಓದುಗರು)

ಉತ್ತರ: ಅನೇಕ ಹೋಟೆಲುಗಳಲ್ಲಿ ಹೌದು. ಹಚ್ಚೆಯನ್ನು ಅಲ್ಲಿ ಯಾಕುಜಾ ಎಂಬ ಅಪರಾಧಿ ಗುಂಪುಗಳ ಗುರುತೆಂದು ಕಾಣುತ್ತಾ ಬಂದಿದ್ದಾರೆ. ನಮ್ಮ ಹೆಣ್ಣುಮಕ್ಕಳ ಹಚ್ಚೆಯ ಸಂಪ್ರದಾಯ ಅಲ್ಲಿಯವರಿಗೆ ಗೊತ್ತಿಲ್ಲ. ಸಣ್ಣದಾದರೆ ಮೈಬಣ್ಣದ ಪಟ್ಟಿ ಅಂಟಿಸಿಕೊಂಡು ಬರಲು ಕೆಲವು ಕಡೆ ಬಿಡುತ್ತಾರೆ. ಕಾಯ್ದಿರಿಸುವಾಗಲೇ ಎಷ್ಟು ದೊಡ್ಡದೆಂದು ತಿಳಿಸಿ ಒಪ್ಪಿಗೆ ಪಡೆಯಿರಿ.

ಅಮ್ಮನವರ ಎರಡೂ ತೊಂದರೆಗೆ ಒಂದೇ ಪರಿಹಾರ "ಕಾಶಿಕಿರಿ ಬುರೊ", ಅಂದರೆ ಮುಕ್ಕಾಲು ಗಂಟೆ, ಒಂದು ಗಂಟೆಗೆ ಬಾಡಿಗೆ ಕೊಟ್ಟು ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಸಣ್ಣ ಸ್ನಾನದ ಮನೆ. ಸಾಮಾನ್ಯವಾಗಿ 2,000ದಿಂದ 4,000 ಯೆನ್. ಸಂಜೆಯ ಹೊತ್ತು ಬೇಗ ತುಂಬಿಹೋಗುತ್ತದೆ, ಕೋಣೆಯ ಜೊತೆಗೇ ಹೇಳಿಡಿ. ಕೋಣೆಯಲ್ಲೇ ತೊಟ್ಟಿ ಇರುವುದು ದುಬಾರಿ, ಅದರಲ್ಲೂ ಬುಗ್ಗೆಯ ನೀರೋ ನಲ್ಲಿಯದೋ ಎಂದು ಕೇಳಬೇಕು. ಈಜುಡುಗೆಯಲ್ಲೇ ಇಳಿಯುವ ಜಾಗಗಳೂ ಇವೆ: ಹಕೋನೆಯ ಯುನೆಸ್ಸನ್, ಬೆಪ್ಪುವಿನ ಸುಗಿನೋಯಿ ಹೋಟೆಲಿನ ಆಕ್ವಾ ಗಾರ್ಡನ್. ಹಚ್ಚೆಯ ನಿಯಮವನ್ನು ಅಲ್ಲೂ ಕೇಳಿಕೊಳ್ಳಿ.

ಎಲ್ಲಿ ಹೋದರೂ ಸಣ್ಣ ಪೀಠದ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಕೂದಲು ಮೇಲೆ ಕಟ್ಟಬೇಕು, ಸಣ್ಣ ಟವೆಲನ್ನು ನೀರಿಗೆ ಅದ್ದಬಾರದು. ಗಂಡಸರ, ಹೆಂಗಸರ ಸ್ನಾನದ ಮನೆಗಳನ್ನು ಅನೇಕ ಹೋಟೆಲುಗಳು ರಾತ್ರಿ ಅದಲುಬದಲು ಮಾಡುತ್ತವೆ. ಬೆಳಗ್ಗೆ ನೆನಪಿನ ಮೇಲೆ ನುಗ್ಗದೆ ಬಾಗಿಲ ಪರದೆ ನೋಡಿ ಹೋಗಿ.

ಪ್ರಶ್ನೆ: ಬಫೆ ಇದ್ದರೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ ಅಲ್ಲವೆ?
(ಮೈಸೂರಿನ ಓದುಗರು)

ಉತ್ತರ: ಚಿಂತೆ ಕಡಿಮೆ, ಇಲ್ಲವೆನ್ನಲಾಗದು. ತೊಡಕು ಬರುವುದು ಮೀನಿನ ತುಂಡಿನಿಂದಲ್ಲ, ದಾಶಿ ಎಂಬ ಸಾರಿನಿಂದ. ಒಣಗಿಸಿದ ಕತ್ಸುಒ ಮೀನಿನ ಎಳೆಗಳಿಂದ ಇಳಿಸುವ ಈ ಸಾರು ಮಿಸೊ ಸೂಪು, ಬೇಯಿಸಿದ ತರಕಾರಿ, ಸೋಬಾ ನೂಡಲ್ಸಿನ ರಸ, ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾಕ್ಕೆ ಕೊಡುವ ಸಾಸು ಎಲ್ಲದರಲ್ಲೂ ಇರುತ್ತದೆ. ತರಕಾರಿ ತೆಂಪುರಾವನ್ನು ಸೀಗಡಿ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. "ವೆಜಿಟೇರಿಯನ್" ಎಂದಷ್ಟೇ ಬರೆದರೆ ಮಾಂಸ ಮಾತ್ರ ಬಿಟ್ಟು ಕೊಡುತ್ತಾರೆ. ಒಂದು ವಾರ ಮೊದಲೇ ಪಟ್ಟಿ ಮಾಡಿ ಬರೆಯಿರಿ: ನಿಕು (ಮಾಂಸ), ಸಕಾನಾ (ಮೀನು), ತಮಾಗೊ (ಮೊಟ್ಟೆ), ಕತ್ಸುಒ ದಾಶಿ ಬೇಡ, ಕೊಂಬು ಎಂಬ ಕಡಲಪಾಚಿಯ ಅಥವಾ ಶಿಯಿತಾಕೆ ಅಣಬೆಯ ದಾಶಿ ಆಗುತ್ತದೆ. ಆಗುವುದಿಲ್ಲ ಎಂಬ ಉತ್ತರ ಬಂದರೆ ಅದನ್ನು ನಂಬಿ ಬೇರೆ ಹೋಟೆಲು ನೋಡಿ. ಬಫೆಯಲ್ಲಿ ಭದ್ರವಾಗಿ ತಿನ್ನಬಹುದಾದದ್ದು ಬಿಳಿ ಅನ್ನ, ತಣ್ಣನೆಯ ತೋಫು, ಹಸಿ ತರಕಾರಿ, ಹಣ್ಣು, ಬ್ರೆಡ್ಡು. ತೋಫುವಿನ ಮೇಲೆ ಉದುರಿಸಿದ ಕಂದು ಎಳೆಗಳು ಮೀನು. ಉಪ್ಪಿನಕಾಯಿ, ಚಟ್ನಿಪುಡಿಯನ್ನು ನಿಮ್ಮ ಕೋಣೆಯಲ್ಲಿ ಬಳಸಿ, ಊಟದ ಸಭಾಂಗಣಕ್ಕೆ ಒಯ್ಯಬೇಕಾದರೆ ಕೇಳಿ ಒಯ್ಯಿರಿ.

ಪ್ರಶ್ನೆ: ರಕ್ತದೊತ್ತಡ ಇರುವವರು, ಗರ್ಭಿಣಿಯರು ಇಳಿಯಬಹುದೆ?
(ಶಿವಮೊಗ್ಗದ ಓದುಗರು)

ಉತ್ತರ: ಗರ್ಭಿಣಿಯರು ಇಳಿಯಬಾರದೆಂಬ ಸಾಲನ್ನು ಜಪಾನಿನ ಪರಿಸರ ಸಚಿವಾಲಯ 2014ರಲ್ಲಿ ತೆಗೆದುಹಾಕಿದೆ. ಆದರೂ ನಿಮ್ಮ ವೈದ್ಯರನ್ನು ಕೇಳಿಯೇ ಹೋಗಿ. ತುಂಬ ಬಿಸಿ ನೀರಿನಲ್ಲಿ ಹೆಚ್ಚು ಹೊತ್ತು ಕೂರಬಾರದು, ನೆಲವೂ ಜಾರುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರೂ ವೈದ್ಯರ ಒಪ್ಪಿಗೆ ಪಡೆಯಬೇಕು. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ. ಮೊದಲು ಕಾಲಿಗೆ, ಆಮೇಲೆ ಮೈಗೆ ನೀರು ಸುರಿದುಕೊಂಡು ನಿಧಾನವಾಗಿ ಇಳಿಯಿರಿ. ಎದೆಯ ಕೆಳಗಷ್ಟೇ ನೀರಿರಲಿ, ಐದು ನಿಮಿಷ ಸಾಕು. ಊಟವಾದ ಕೂಡಲೇ ಅಥವಾ ಮದ್ಯ ಸೇವಿಸಿದ ಮೇಲೆ ಬೇಡ. ಏಳುವಾಗ ಕಂಬಿ ಹಿಡಿದು ಮೆಲ್ಲಗೆ ಏಳಿ: ಬಿಸಿಯಿಂದ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿದಿರುತ್ತದೆ, ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಸ್ನಾನಕ್ಕೆ ಮುಂಚೆ ಒಂದು ಲೋಟ, ಆಮೇಲೆ ಒಂದು ಲೋಟ ನೀರು ಕುಡಿಯಿರಿ. ವಯಸ್ಸಾದವರನ್ನು ಒಬ್ಬರನ್ನೇ ಕಳಿಸಬೇಡಿ.