ಗ್ರೈಪ್ ವಾಟರ್‌ಗೂ ಹಡಗಿನ ಹಗ್ಗಕ್ಕೂ ಏನು ನಂಟು?

ಡಿಕ್ಷನರಿಯಲ್ಲಿ ‘ಗ್ರೈಪ್’ ಅಂತ ಹುಡುಕಿದರೆ ಹಿಡಿತ, ಹೊಟ್ಟೆನೋವು, ಹಡಗಿನ ಹಗ್ಗ, ಗೊಣಗಾಟ ಅಂತೆಲ್ಲ ಬರುತ್ತೆ, ಇದೆಲ್ಲ ಒಂದೇ ಪದಾನಾ ಅಂತ ಕೇಳಿದ್ದೀರಿ. ಹೌದು, ಒಂದೇ.

ಹಾಸನದಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಮಕ್ಕಳ ಹೊಟ್ಟೆನೋವಿಗೆ ಕೊಡೋ ಗ್ರೈಪ್ ವಾಟರನ್ನು ಬರುವವರಲ್ಲಿ ಎಷ್ಟೋ ಜನ ಕೇಳೋದು ‘ಗ್ರೇಪ್ ವಾಟರ್’ ಅಂತ. ದ್ರಾಕ್ಷಿ ರಸ ಅಂತಲೇ ನಂಬಿದವರೂ ಇದ್ದಾರೆ! 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಇದನ್ನು ಮಾಡಿದಾಗ ಹಾಕಿದ್ದು ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ಜೊತೆಗೆ ಒಂಚೂರು ಆಲ್ಕೋಹಾಲ್. ಆಗಿನ ಮಕ್ಕಳು ಬೇಗ ನಿದ್ದೆ ಹೋಗ್ತಿದ್ದದ್ದು ಯಾಕೋ, ಗೊತ್ತಾಯ್ತಲ್ವಾ.

ಹಳೆಯ ಇಂಗ್ಲಿಷಿನಲ್ಲಿ ‘ಗ್ರೀಪನ್’ ಅಂದರೆ ಗಟ್ಟಿಯಾಗಿ ಹಿಡಿ. ಜರ್ಮನ್ನರ ‘ಗ್ರೈಫೆನ್’ ಅದರ ದಾಯಾದಿ. ಮುಂದೆ ಇಂಗ್ಲಿಷಿನಲ್ಲಿ ‘ಈ’ ಹೋಗಿ ‘ಐ’ ಆಯಿತು, ಗ್ರೀಪ್ ಗ್ರೈಪ್ ಆಯಿತು. ಬೈಕ್ ಟೈರ್ ಸವೆದಾಗ ನಾವು ‘ಗ್ರಿಪ್ ಇಲ್ಲ’ ಅಂತೀವಲ್ಲ, ಆ ಗ್ರಿಪ್ಪೂ ಇದೇ ಮನೆಯದು.

ಹಿಡಿತ ಹೊಟ್ಟೆನೋವಾಗಿದ್ದು ಹೇಗೆ? ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋದ ವಾರ ಒಬ್ಬರು ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಮಗು ಕಾಲು ಮಡಚಿಕೊಂಡು, ಮುಷ್ಟಿ ಬಿಗಿದುಕೊಂಡು, ಮುಖ ಕೆಂಪಗೆ ಮಾಡಿ ಚೀರ್ತಿತ್ತು. ‘ಹೊಟ್ಟೆ ಹಿಡ್ಕೊಂಡೈತೆ ಕಣಪ್ಪ’ ಅಂದರು. ಗ್ರೈಪ್ ಅಂದರೆ ಅಷ್ಟೇ, ಒಳಗಿಂದ ಯಾರೋ ಹಿಡಿದು ಹಿಂಡಿದ ಹಾಗೆ.

ಹಡಗಿನಲ್ಲಿ ಸಣ್ಣ ದೋಣಿಗಳನ್ನು ಅಲುಗಾಡದ ಹಾಗೆ ಕಟ್ಟಿಡುವ ಹಗ್ಗ, ಪಟ್ಟಿಗಳಿಗೆ ‘ಗ್ರೈಪ್ಸ್’ ಅಂತಾರೆ. ನಾನು ಹಡಗು ಹತ್ತಿದವನಲ್ಲ. ಆದರೆ ನಮ್ಮ ಅಂಗಡಿ ಎದುರು ಆಲೂಗಡ್ಡೆ ಲಾರಿ ನಿಂತಾಗ ಕ್ಲೀನರ್ ಒಂದು ಕಾಲನ್ನು ಲಾರಿಗೆ ಒತ್ತಿ ಹಗ್ಗ ಜಗ್ಗುತ್ತಾನೆ, ಮೇಲಿನಿಂದ ಡ್ರೈವರ್ ‘ಬಿಗಿ, ಇನ್ನೂ ಬಿಗಿ’ ಅಂತ ಕೂಗ್ತಾನೆ. ಕೆಲಸ ಅದೇ. ಅಂದ ಹಾಗೆ ನಮ್ಮ ‘ಬಿಗಿ’ಯೂ ಕಮ್ಮಿಯದಲ್ಲ. ಹಗ್ಗಾನೂ ಬಿಗಿಯಬಹುದು, ಕೆನ್ನೆಗೂ ಬಿಗಿಯಬಹುದು. ಇಂಗ್ಲಿಷಿನ ‘ಲ್ಯಾಶ್’ಗೂ ಹೀಗೇ ಕಟ್ಟೋದು, ಬಾರಿಸೋದು ಎರಡೂ ಅರ್ಥ ಇದೆ.

ಗೊಣಗಾಟದ ಅರ್ಥ ತೀರಾ ಈಚಿನದು, 20ನೇ ಶತಮಾನದ್ದು. ಹೊಟ್ಟೆನೋವು ಬಂದವನ ನರಳಾಟದಿಂದಲೇ ಹುಟ್ಟಿರಬೇಕು. ಹಾಗೆ ನೋಡಿದರೆ, ಬಾಟಲಿ ಮೇಲಿನ ರೇಟು ನೋಡಿ ನಮ್ಮ ಗಿರಾಕಿಗಳು ಮಾಡೋದೂ ಗ್ರೈಪೇ.