ಮುಂಬೈಯಲ್ಲಿ ಗೆಳೆಯರ ಜೊತೆ ಸೂರ್ಯಾಸ್ತದ ಫೋಟೊ ತೆಗೆಯಲು ಹೋಗುವಾಗ ಏನು ಗಮನಿಸಬೇಕು?

ಮೊದಲು ಉಬ್ಬರ-ಇಳಿತದ ಸಮಯ ನೋಡಿ, ಕ್ಯಾಮೆರಾದ ಮಾತು ಆಮೇಲೆ. ಮಾಟುಂಗಾದಿಂದ ನಾವು ನಾಲ್ಕು ಜನ ಕನ್ನಡದವರು ಆಗಾಗ ಬಾಂದ್ರಾದ ಕಡಲಂಚಿನ ಬ್ಯಾಂಡ್‌ಸ್ಟ್ಯಾಂಡಿಗೆ ಹೋಗುತ್ತೇವೆ. ಇಳಿತವಿದ್ದರೆ ಕಪ್ಪು ಬಂಡೆಗಳ ನಡುವೆ ನಿಂತ ನೀರಿನಲ್ಲಿ ಇಡೀ ಆಕಾಶ ಸಿಗುತ್ತದೆ. ಉಬ್ಬರ ಏರುತ್ತಿದ್ದರೆ ಬಂಡೆಗೆ ಇಳಿಯಲೇಬೇಡಿ, ಪಾಚಿ ಜಾರುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹೋದ ವಾರದ ಲೆಕ್ಕ ಈ ವಾರ ನಡೆಯದು.

ಡಿಸೆಂಬರ್ ಮೊದಲಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಸುಮಾರಿಗೆ. ಜೂನ್ ಕೊನೆಗೆ 7.15 ದಾಟುತ್ತದೆ, ಆಗ ಮೋಡವೇ ಹೆಚ್ಚು ಬಿಡಿ.

ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆಯನ್ನು, ಸೂರ್ಯನಿಗಲ್ಲ, ಪಕ್ಕದ ಆಕಾಶಕ್ಕೆ ಹೊಂದಿಸಿ. ಮುಳುಗಿದ ಕೂಡಲೇ ಎಲ್ಲರೂ ಬ್ಯಾಗು ಕಟ್ಟುತ್ತಾರೆ. ನನ್ನ ಮಟ್ಟಿಗೆ ಒಳ್ಳೆಯ ಬಣ್ಣ ಬರುವುದು ಆಮೇಲಿನ 15–20 ನಿಮಿಷದಲ್ಲೇ. ಟ್ರೈಪಾಡ್ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಎಫ್/11 (ಲೆನ್ಸಿನ ಕಿರಿದಾದ ತೆರಪು), ಶಟರಿಗೆ ಒಂದೆರಡು ಸೆಕೆಂಡು ಕೊಟ್ಟರೆ ಅಲೆ ಹಾಲಿನಂತೆ ಹರಡುತ್ತದೆ.

ಗುಂಪಿನಲ್ಲಿ ಅಗಲ ನೋಟದ ವೈಡ್ ಲೆನ್ಸಿನವರು ಮುಂದೆ ಕೂರಲಿ, ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನವರು ಹಿಂದೆ ನಿಲ್ಲಲಿ. ಇಲ್ಲದಿದ್ದರೆ ಸಂಜೆಯಿಡೀ “ಸ್ವಲ್ಪ ಸರೀರಿ ಮಾರಾಯ್ರೆ” ಎನ್ನುವುದೇ ಕೆಲಸ. ಹಾಗೆ ಅಡ್ಡ ಬಂದ ಗೆಳೆಯ, ಟ್ರೈಪಾಡಿಗೆ ಬಾಗಿ ನಿಂತ ಕಪ್ಪು ನೆರಳು, ನನ್ನ ಇಷ್ಟದ ಚಿತ್ರ.

ಮನೆಗೆ ಬಂದು ಟ್ರೈಪಾಡಿನ ಕಾಲನ್ನು ಸಿಹಿನೀರಲ್ಲಿ ತೊಳೆದಿಡಿ.