ಟಿಕೆಟ್ ನನ್ನದು, ಫೋಟೋ ಯಾರದು?

ಪ್ರಶ್ನೆ: ನಾನು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಊರಿನ ಹುಡುಗರ ಜೊತೆ ಅಂತರರಾಷ್ಟ್ರೀಯ ಪಂದ್ಯ ನೋಡಲು ಹೋಗಿದ್ದೆ. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ 70-200 ಲೆನ್ಸ್ ನೋಡಿ ಗೇಟಿನಲ್ಲೇ ತಡೆದರು. ಇಟ್ಟುಹೋಗಲು ಲಾಕರ್ ಕೂಡ ಇರಲಿಲ್ಲ. ಹುಡುಗರೆಲ್ಲ ಒಳಗೆ ಹೋದರು, ನಾನೊಬ್ಬ ಬ್ಯಾಗ್ ಕಾಯುತ್ತಾ ಹೊರಗೆ ಕೂತೆ. ದುಡ್ಡು ಕೊಟ್ಟು ಬಂದವನು ಫೋಟೋ ತೆಗೆದರೆ ಇವರಿಗೇನು ನಷ್ಟ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಓದಿ ತುಂಬಾ ಬೇಜಾರಾಯಿತು. ಲೆನ್ಸ್ ನಿಮ್ಮ ಹೊಟ್ಟೆಪಾಡು, ಅದನ್ನು ಬೀದಿಯಲ್ಲಿ ಬಿಟ್ಟು ಬಾ ಅಂದರೆ ಹೇಗೆ?

ನೀವು ಆ ಫೋಟೋ ಮಾರಿಬಿಡುತ್ತೀರಿ ಅನ್ನುವುದೇ ಅವರ ಭಯ. ಆಟಕ್ಕೆ ಕಾಪಿರೈಟ್ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದೇ. ಹಾಗಾಗಿ ಸಂಘಟಕರು ಟಿಕೆಟ್ಟಿನ ಮೂಲಕ ಕಟ್ಟಿಹಾಕುತ್ತಾರೆ. ಸಣ್ಣ ಅಕ್ಷರದಲ್ಲಿ ಷರತ್ತುಗಳು ಇರುತ್ತವೆ ಅಲ್ವಾ, ಟಿಕೆಟ್ ತಗೊಂಡ ಕೂಡಲೇ ಅದಕ್ಕೆಲ್ಲ ಒಪ್ಪಿದ ಹಾಗೆ: ಸ್ವಂತಕ್ಕೆ ತೆಗೆದುಕೊಳ್ಳಿ, ಮಾರಬೇಡಿ, ದೊಡ್ಡ ಕ್ಯಾಮೆರಾ ತರಬೇಡಿ ಅಂತ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 30 ಸೆಂ.ಮೀ.ಗಿಂತ ಉದ್ದದ ಸಲಕರಣೆ ತರುವಂತಿರಲಿಲ್ಲ. ಅಳತೆ ಹೇಳಿದ್ದರು, ಅದು ಒಳ್ಳೆಯದು. ನಮ್ಮ ಕಡೆ ಎಷ್ಟೋ ಸಲ ಗೇಟಿನಲ್ಲಿ ನಿಂತವರ ಕಣ್ಣಳತೆಯೇ ಕಾನೂನು.

ಇದರ ಹಿಂದೆ ಇರುವುದು ಪ್ರಾಯೋಜಕರ ದುಡ್ಡು. ಲಂಡನ್‌ನ ಆ ಕ್ರೀಡಾಂಗಣಗಳಲ್ಲಿ ಪ್ರಾಯೋಜಕರಾಗಿದ್ದ ವೀಸಾ ಕಂಪನಿಯದ್ದು ಬಿಟ್ಟು ಬೇರೆ ಬ್ಯಾಂಕ್ ಕಾರ್ಡ್ ನಡೆಯುತ್ತಿರಲಿಲ್ಲ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕಿತ್ತಳೆ ಬಣ್ಣದ ಉಡುಪು ತೊಟ್ಟು ಬಂದಿದ್ದ 36 ಹೆಣ್ಣುಮಕ್ಕಳನ್ನು ಜೊಹಾನ್ಸ್‌ಬರ್ಗ್‌ನ ಮೈದಾನದಿಂದ ಹೊರಗೆ ಕಳಿಸಿದರು, ಪ್ರಾಯೋಜಕರಲ್ಲದ ಬಿಯರ್ ಕಂಪನಿಯ ಪ್ರಚಾರ ಅಂತ. ದುಡ್ಡು ಹಾಕಿದವರಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ ಆ ಹಿಡಿತ ಸುದ್ದಿಯ ತನಕ ಬಂದರೆ ನನಗೆ ಸಿಟ್ಟು ಬರುತ್ತದೆ. 2012ರ ಕೊನೆಯಲ್ಲಿ ಭಾರತ–ಇಂಗ್ಲೆಂಡ್ ಸರಣಿಗೆ ಬಿಸಿಸಿಐ ಗೆಟ್ಟಿ ಇಮೇಜಸ್‌ನಂಥ ಫೋಟೋ ಸಂಸ್ಥೆಗಳನ್ನು ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ರಾಯಿಟರ್ಸ್, ಎಪಿ, ಎಎಫ್‌ಪಿ ಸುದ್ದಿಸಂಸ್ಥೆಗಳು ತಮ್ಮ ಫೋಟೋ ಕಳಿಸುವುದನ್ನೇ ನಿಲ್ಲಿಸಿದವು. ಅವರು ಮಾಡಿದ್ದು ಸರಿ.

ಮುಂದಿನ ಸಲ ಟಿಕೆಟ್ ತಗೊಳ್ಳುವ ಮೊದಲೇ ಏನೇನು ತರಬಾರದು ಅಂತ ನೋಡಿಕೊಳ್ಳಿ. ಫೋನ್‌ನಲ್ಲಿ ತೆಗೆದದ್ದನ್ನು ಮನೆಯವರಿಗೆ ತೋರಿಸಿ, ಸ್ಟುಡಿಯೋ ಬೋರ್ಡಿಗೆ ಮಾತ್ರ ಹಾಕಬೇಡಿ. ಲಾಕರ್ ಇಲ್ಲದ್ದಕ್ಕೆ ಸುಮ್ನೆ ಇರಬೇಡಿ, ಸಂಘಟಕರಿಗೆ ದೂರು ಬರೆದು ಕಳಿಸಿ.

ಪ್ರಶ್ನೆ: ನಮ್ಮದು ಖಾನಾವಳಿ. ನಮ್ಮ ತೋರಣಗಲ್ಲಿನ ಹತ್ತಿರ ತರಬೇತಿ ಪಡೆದ ನೀರಜ್ ಚೋಪ್ರಾ ಮತ್ತೆ ಪದಕ ಗೆದ್ದರೆ, ಅವರ ಫೋಟೋ, ಒಲಿಂಪಿಕ್ಸ್‌ನ ಐದು ಉಂಗುರ ಹಾಕಿ ಫ್ಲೆಕ್ಸ್ ಕಟ್ಟಬಹುದಾ?
– ಬಳ್ಳಾರಿಯಿಂದ

ಉತ್ತರ: ಉಂಗುರ ಬೇಡವೇ ಬೇಡ. ಅದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಗುರುತು. ಅದನ್ನು ಕಾಯುವ 1981ರ ನೈರೋಬಿ ಒಪ್ಪಂದಕ್ಕೆ ಭಾರತವೂ ಸೇರಿದೆ. ಫೋಟೋ ಕೆಳಗೆ ಖಾನಾವಳಿ ಹೆಸರು ಬಂದರೆ ಅದು ಜಾಹೀರಾತೇ. 2021ರಲ್ಲಿ ಪಿ.ವಿ. ಸಿಂಧು ಕಂಚು ಗೆದ್ದಾಗ, ಅಭಿನಂದನೆ ಹೇಳುತ್ತಾ ಅವರ ಚಿತ್ರ ಬಳಸಿಕೊಂಡ ಕಂಪನಿಗಳ ಮೇಲೆ ಅವರ ಕಡೆಯವರು ಕಾನೂನು ಕ್ರಮಕ್ಕೆ ಹೊರಟಿದ್ದರು. ಆ ದಿನ ಊಟಕ್ಕೆ ಬಂದವರಿಗೆಲ್ಲ ಒಂದೊಂದು ಹೋಳಿಗೆ ಜಾಸ್ತಿ ಬಡಿಸಿ. ಅದಕ್ಕೆ ಯಾರ ಅನುಮತಿಯೂ ಬೇಡ.